ಊಟಿ ಬಸ್ ಹತ್ತುವ ಮೊದಲು ಫೆರಿಟಿನ್ ನೋಡಿಸು

ತಂಗೀ, ನಿನ್ನ ಪ್ರಶ್ನೆಯಲ್ಲಿ ಊರಿನ ಹೆಸರೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ನನ್ನದೇ. ನೀನು ಹಾವೇರಿ, ನಾನು ಗದಗ. 10,000 ಮೀಟರ್, 36 ನಿಮಿಷದ ಆಸುಪಾಸಿನ ಪಿಬಿ (ಈವರೆಗಿನ ಸ್ವಂತ ಅತ್ಯುತ್ತಮ ಟೈಮ್), ಜನವರಿಗೆ ಅಂತರ್ ವಿಶ್ವವಿದ್ಯಾಲಯ ಮೀಟ್, ಅದಕ್ಕೂ ಮೊದಲು ಮೂರು ವಾರ ಊಟಿಯ ಎತ್ತರದಲ್ಲಿ ತಾಲೀಮು ಮಾಡಿ ಬರಬೇಕೆಂಬ ಆಸೆ, ಮನೆಯವರನ್ನು ಒಪ್ಪಿಸಿ ಕೂಡಿಸಿಟ್ಟ ದುಡ್ಡು. ರೇಸಿಗೆ ಎಷ್ಟು ದಿನ ಮೊದಲು ಕೆಳಗಿಳಿಯಬೇಕು ಅಂತ ನೀನು ಕೇಳಿದ್ದೀಯ. ಈ ಸಲ ಹತ್ತಲೇಬೇಡ ಅಂತ ನಾನು ಹೇಳುತ್ತೇನೆ. ಯಾಕೆ ಅಂದರೆ ನೀನು ಬರೆದಿರುವ ಇನ್ನೊಂದು ಸಾಲು: "ಇತ್ತೀಚೆಗೆ ಸುಲಭದ ಓಟದಲ್ಲೂ ಕಾಲು ಭಾರ ಅನ್ನಿಸುತ್ತಿದೆ, ಆದರೆ ಹಿಮೋಗ್ಲೋಬಿನ್ ನಾರ್ಮಲ್ ಇದೆ." ಅದನ್ನು ಓದಿ ನನಗೆ ಸುಮ್ಮನಿರಲು ಆಗಲಿಲ್ಲ.

ನಿನ್ನ ಹಾಗೇ ಊಟಿಗೆ ಹೊರಟಾಗ ನಾನು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದೆ. ಟ್ರ್ಯಾಕ್ ವರ್ಕೌಟ್ ಆರ್.ಎನ್. ಶೆಟ್ಟಿ ಸ್ಟೇಡಿಯಂನಲ್ಲಿ, ಲಾಂಗ್ ರನ್ ನುಗ್ಗಿಕೇರಿ ಕಡೆಗೆ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನ 10,000 ಮೀಟರ್ ವಿಡಿಯೊ ನಮ್ಮ ಕೋಣೆಯಲ್ಲಿ ಎಲ್ಲರಿಗೂ ಬಾಯಿಪಾಠ. ಪ್ರೀಜಾ ಶ್ರೀಧರನ್ 31:50.47ಕ್ಕೆ ಚಿನ್ನ, ಒಂದೇ ಸೆಕೆಂಡಿನ ಹಿಂದೆ ಕವಿತಾ ರಾವುತ್ ಬೆಳ್ಳಿ. ದೊಡ್ಡ ಓಟಗಾರರೆಲ್ಲ ಎತ್ತರದ ಜಾಗಕ್ಕೆ ಹೋಗಿ ಕ್ಯಾಂಪ್ ಮಾಡುತ್ತಾರೆ, ಹೋಗದವರು ಹಿಂದೆ ಬೀಳುತ್ತಾರೆ ಅನ್ನೋದು ನಮ್ಮ ನಂಬಿಕೆ. "ಮ್ಯಾಲ ಹೋಗಿ ಬಂದ್ರ ರಕ್ತ ಹೆಚ್ಚಾಕ್ಕೈತಿ" ಅಂತ ಸೀನಿಯರ್ ಅಕ್ಕ ಹೇಳಿದ್ದಳು. ಅದು ಸುಳ್ಳಲ್ಲ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಸುಮಾರು 21 ಶೇಕಡವೇ, ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗದಷ್ಟಕ್ಕೆ ಇಳಿದಿರುತ್ತದೆ. ಮೂತ್ರಪಿಂಡಕ್ಕೆ ಈ ಕೊರತೆ ಗೊತ್ತಾಗಿ ಎರಡು ಮೂರು ದಿನದೊಳಗೇ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನ್ ಏರುತ್ತದೆ. ಅದರ ಮಾತು ಕೇಳಿ ಮೂಳೆಯ ಮಜ್ಜೆ ಹೊಸ ಕೆಂಪು ರಕ್ತಕಣ ಮಾಡಿ ಮುಗಿಸಲು ಮೂರು ನಾಲ್ಕು ವಾರ ಬೇಕು. ಕ್ಯಾಂಪ್‌ಗಳು ಅಷ್ಟು ಉದ್ದ ಇರೋದು ಇದಕ್ಕೇ.

ನಮ್ಮ ಕೋಚ್ ಸರ್ ಹೋಗು ಅಂದರು, ಜೊತೆಗೆ "ರಕ್ತ ಪೂರ್ತಿ ಚೆಕ್ ಮಾಡಿಸ್ಕೊಂಡ ಹೋಗವಾ" ಅಂತಲೂ ಅಂದರು. ನಾನು ಲೈನ್ ಬಜಾರಿನ ಹತ್ತಿರ ಒಂದು ಲ್ಯಾಬಿಗೆ ಹೋಗಿ ಹಿಮೋಗ್ಲೋಬಿನ್ ಮಾಡಿಸಿದೆ. 12.4. ಕೆಳಗಿನ ಗಡಿ 12 ಅಂತ ಪಕ್ಕದಲ್ಲೇ ಅಚ್ಚಾಗಿತ್ತು. ಮೈಯಲ್ಲಿರುವ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆಗೆ ಬೇರೆ ದುಡ್ಡು, ಅದೂ ಹೆಚ್ಚು. ಹಿಮೋಗ್ಲೋಬಿನ್ ಸರಿ ಇದ್ದ ಮೇಲೆ ಅದು ಯಾಕೆ ಅಂತ ಬಿಟ್ಟೆ. ಸರ್‌ಗೆ ಫೋನ್ ಮಾಡಿ "ನಾರ್ಮಲ್ ಐತ್ರಿ" ಅಂದೆ. ನನ್ನ ಒಂದು ಇಡೀ ಸೀಸನ್ನನ್ನು ಆ ಒಂದು ಮಾತು ತಿಂದಿತು. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಹಿಮೋಗ್ಲೋಬಿನ್ ಅಂದರೆ ಈಗ ರಕ್ತದಲ್ಲಿ ಓಡಾಡುತ್ತಿರುವ ಸರಕು. ಫೆರಿಟಿನ್ ಅಂದರೆ ದೇಹ ಕೂಡಿಟ್ಟಿರುವ ಕಬ್ಬಿಣದ ಸುಳಿವು. ಕಬ್ಬಿಣ ಕಡಿಮೆಯಾಗುತ್ತ ಬಂದರೆ ದೇಹ ಮೊದಲು ಸಂಗ್ರಹವನ್ನು ಖರ್ಚು ಮಾಡುತ್ತದೆ, ಹಿಮೋಗ್ಲೋಬಿನ್ನನ್ನು ಕೊನೆಯವರೆಗೂ ಕಾಪಾಡುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ಇಳಿಯುವ ಹೊತ್ತಿಗೆ ಸಂಗ್ರಹ ಖಾಲಿಯಾಗಿ ಎಷ್ಟೋ ದಿನ ಆಗಿರುತ್ತದೆ. ರಿಪೋರ್ಟಿನಲ್ಲಿ ನಾರ್ಮಲ್ ಅಂತ ಬರುವುದು ಆಸ್ಪತ್ರೆಗೆ ಬರುವ ಸಾಮಾನ್ಯ ಹೆಂಗಸಿನ ಲೆಕ್ಕಕ್ಕೆ. ವಾರಕ್ಕೆ 90, 100 ಕಿಲೋಮೀಟರ್ ಓಡಿ, ಬೆವರಿನಲ್ಲಿ, ಮುಟ್ಟಿನಲ್ಲಿ, ಅಂಗಾಲು ನೆಲಕ್ಕೆ ಬಡಿದಾಗ ಒಡೆಯುವ ರಕ್ತಕಣಗಳಲ್ಲಿ ಕಬ್ಬಿಣ ಕಳೆದುಕೊಳ್ಳುವ ಹುಡುಗಿಯ ಲೆಕ್ಕ ಬೇರೆ.

ಈಗ ಇದನ್ನು ಊಟಿಗೆ ಹೊಂದಿಸಿ ನೋಡು. ಒಂದು ಗ್ರಾಂ ಹಿಮೋಗ್ಲೋಬಿನ್ ಕಟ್ಟಲು ಸುಮಾರು 3.4 ಮಿಲಿಗ್ರಾಂ ಕಬ್ಬಿಣ ಬೇಕು. ನಮ್ಮಂಥ ಐವತ್ತು ಕಿಲೋ ತೂಕದ ಓಟಗಾರ್ತಿಯ ಮೈಯಲ್ಲಿ ಹಿಮೋಗ್ಲೋಬಿನ್ ಹೆಚ್ಚುಕಡಿಮೆ 500 ಗ್ರಾಂ ಇರುತ್ತದೆ. ಕ್ಯಾಂಪಿನಿಂದ ಅದು ಶೇಕಡ 4 ಏರಿತು ಅಂತಿಟ್ಟುಕೊ, 20 ಗ್ರಾಂ. ಅದಕ್ಕೆ ಬೇಕಾಗುವ ಕಬ್ಬಿಣ ಸುಮಾರು 70 ಮಿಲಿಗ್ರಾಂ. ಫೆರಿಟಿನ್ನಿನ ಪ್ರತಿ ಒಂದು ಅಂಕಿಗೆ ಸಂಗ್ರಹದಲ್ಲಿ ಸುಮಾರು 8 ಮಿಲಿಗ್ರಾಂ ಕಬ್ಬಿಣ ಅಂತ ವೈದ್ಯರು ಅಂದಾಜು ಹಾಕುತ್ತಾರೆ. ಆಮೇಲೆ ಮಾಡಿಸಿದಾಗ ನನ್ನ ಫೆರಿಟಿನ್ 9 ಬಂತು. ಅಂದರೆ ಇದ್ದಬದ್ದದ್ದೆಲ್ಲ ಕೆರೆದು ಕೊಟ್ಟರೂ ಅಲ್ಲಿಗಲ್ಲಿಗೆ, ತಿಂಗಳ ಮುಟ್ಟಿಗೆ ಹೋಗುವುದನ್ನು ಎಣಿಸದೇ. ಬೆಟ್ಟ ಒಳ್ಳೆಯ ಗೌಂಡಿ ಇದ್ದಂತೆ, ಇಟ್ಟಿಗೆ ನಾವೇ ಒಯ್ಯಬೇಕು. ಕಬ್ಬಿಣ ಕಡಿಮೆ ಇದ್ದ ಓಟಗಾರರಲ್ಲಿ ಎತ್ತರಕ್ಕೆ ಹೋದರೂ ಕೆಂಪು ರಕ್ತಕಣ ಹೆಚ್ಚಲಿಲ್ಲ ಅಂತ ಅಮೆರಿಕದ ಸ್ಟ್ರೇ-ಗುಂಡರ್‌ಸನ್ ಮತ್ತು ಸಂಗಡಿಗರು 1992ರಲ್ಲೇ ತೋರಿಸಿದ್ದರು. ನಮಗೆ ಯಾರೂ ಹೇಳಿರಲಿಲ್ಲ.

ಮೈ ಮಾತ್ರ ಹೇಳುತ್ತಲೇ ಇತ್ತು. ಊಟಿಗೆ ಹೋಗುವ ಎಷ್ಟೋ ತಿಂಗಳ ಮೊದಲಿಂದ ನಾನು ಹಸಿ ಅಕ್ಕಿ ತಿನ್ನುತ್ತಿದ್ದೆ. ಗದಗಿಗೆ ಹೋದಾಗ ಅಡುಗೆಮನೆ ಡಬ್ಬಿಗೆ ಕೈಹಾಕಿ ಮುಷ್ಟಿ ತುಂಬ ತೆಗೆದುಕೊಂಡು ಕಟಕಟ ಅಗಿಯುವುದು. "ಅಕ್ಕಿ ತಿಂದ್ರ ಮದಿವ್ಯಾಗ ಮಳಿ ಬರತೈತಿ" ಅಂತ ಅವ್ವ ಬೈಯುತ್ತಿದ್ದಳು. ಹಾಸ್ಟೆಲಿನಲ್ಲೂ ಟ್ರಂಕಿನೊಳಗೆ ಒಂದು ಪೊಟ್ಟಣ ಇಟ್ಟುಕೊಂಡಿದ್ದೆ. ಹಸಿ ಅಕ್ಕಿ, ಬಳಪ, ಮಣ್ಣು, ಐಸ್ ತಿನ್ನಬೇಕು ಅನ್ನಿಸುವುದು ಕಬ್ಬಿಣದ ಕೊರತೆಯ ಹಳೆಯ ಲಕ್ಷಣ. ನಿನಗೂ ಹಾಗೇನಾದರೂ ಇದ್ದರೆ ನಾಚಿಕೊಳ್ಳಬೇಡ, ಡಾಕ್ಟರ ಮುಂದೆ ಹೇಳು.

ಊಟಿಯಲ್ಲಿ ಮೊದಲ ವಾರ ಏದುಸಿರು. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ಸುಮ್ಮನಿದ್ದೆ. ಎರಡನೇ ವಾರ ಜೊತೆಯ ಹುಡುಗಿಯರು ಫರ್ನ್‌ಹಿಲ್ ಏರಿನಲ್ಲಿ ಮಾತಾಡುತ್ತ ಓಡುವ ಹಾಗಾದರು, ನಾನು ಅವರ ಬೆನ್ನು ನೋಡುತ್ತಿದ್ದೆ. ಧಾರವಾಡದಲ್ಲಿ 3:25ಕ್ಕೆ ಓಡುತ್ತಿದ್ದ 1,000 ಮೀಟರ್ ರಿಪೀಟ್ (ನಡುವೆ ವಿಶ್ರಾಂತಿ ಕೊಟ್ಟು ಮತ್ತೆ ಮತ್ತೆ ಓಡುವುದು) ಅಲ್ಲಿ 3:45 ಆದರೂ ಮುಗಿಸಿದ ಮೇಲೆ ಕೈ ನಡುಗುತ್ತಿತ್ತು. ರಾತ್ರಿ ದಿಂಬಿಗೆ ಕಿವಿಯಿಟ್ಟರೆ ಎದೆ ಬಡಿತ ಕೇಳಿಸುತ್ತಿತ್ತು. ಒಗ್ಗುತ್ತಿದೆ, ಒಗ್ಗುತ್ತಿದೆ ಅಂತ ನನಗೆ ನಾನೇ ಹೇಳಿಕೊಂಡೆ. ರಿಪೋರ್ಟ್ ನಾರ್ಮಲ್ ಇತ್ತಲ್ಲ.

ಮೀಟ್ ಮೂಡುಬಿದಿರೆಯಲ್ಲಿತ್ತು. ಊಟಿಯ ಚಳಿಯಿಂದ ಕರಾವಳಿಯ ಸೆಕೆಗೆ ಇಳಿದು ಒಂದು ವಾರವೂ ಆಗಿರಲಿಲ್ಲ. ಬೆಳಗಿನ ಜಾವದ ರೇಸ್, ಆದರೂ ವಾರ್ಮಪ್‌ನಲ್ಲೇ ಜೆರ್ಸಿ ಬೆನ್ನಿಗೆ ಅಂಟಿತ್ತು. ಅರ್ಧದವರೆಗೆ 85 ಸೆಕೆಂಡಿನ ಲ್ಯಾಪ್ ಹಿಡಿದುಕೊಂಡೆ. ಅಲ್ಲಿಂದಾಚೆ ಉಸಿರು ಇತ್ತು, ಕಾಲು ಇರಲಿಲ್ಲ. 89, 92, 95. ಮುಂದಿನವರು ನನ್ನನ್ನು ಒಂದು ಸುತ್ತು ಹಾಕಿ ಹೋದರು. ಧಾರವಾಡದಲ್ಲಿ ಒಬ್ಬಳೇ ಓಡಿದ ಟೈಮ್ ಟ್ರಯಲ್‌ಗಿಂತ ನಿಧಾನವಾಗಿ ಮುಗಿಸಿದೆ. ಕ್ರೀಡಾ ಕೋಟಾದ ನೌಕರಿಗೆ ಆ ವರ್ಷದ ಪದಕವನ್ನೇ ನೆಚ್ಚಿಕೊಂಡಿದ್ದೆ. ಅಪ್ಪ ಊಟಿಯ ಖರ್ಚಿಗೆ ಕೊಟ್ಟಿದ್ದು ಆ ಸಲದ ಶೇಂಗಾ ಮಾರಿದ ದುಡ್ಡು. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಹುಬ್ಬಳ್ಳಿಯ ಒಬ್ಬ ಡಾಕ್ಟರು ಆಮೇಲೆ ಫೆರಿಟಿನ್ ಬರೆದುಕೊಟ್ಟರು. ಕಬ್ಬಿಣದ ಗುಳಿಗೆ ಶುರುವಾಯಿತು, ಫೆರಿಟಿನ್ ಏರಲು ಮೂರು ತಿಂಗಳ ಮೇಲೆ ಹಿಡಿಯಿತು. ಮುಂದಿನ ಸೀಸನ್ನಿನಲ್ಲಿ ಎಲ್ಲಿಗೂ ಹೋಗಲಿಲ್ಲ. ಅದೇ ಸ್ಟೇಡಿಯಂ, ಅದೇ ನುಗ್ಗಿಕೇರಿ ರಸ್ತೆ, ಕೃಷಿ ವಿಶ್ವವಿದ್ಯಾಲಯದ ಒಳಗಿನ ಅದೇ ಏರಿಳಿತ. ಮೊದಲ ಸಲ 35 ನಿಮಿಷದ ಒಳಗೆ ಓಡಿದೆ. ಎತ್ತರದ ತಾಲೀಮು ಕೊನೆಯ ಒಂದೆರಡು ಶೇಕಡಕ್ಕೆ ಅಂತ ನಾನು ಇಷ್ಟು ಖಚಿತವಾಗಿ ಹೇಳುವುದು ಇದರಿಂದಲೇ. ನಿನ್ನ ವಯಸ್ಸಿನಲ್ಲಿ, ನಿನ್ನ ಪಿಬಿಗೆ, ಅದಕ್ಕಿಂತ ಹೆಚ್ಚಿನದು ಧಾರವಾಡ, ಹಾವೇರಿಯ ಕೆಂಪು ಮಣ್ಣಿನಲ್ಲೇ ಬಾಕಿ ಇದೆ.

ಹಾಗಾಗಿ ಈ ವಾರವೇ ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ) ಜೊತೆಗೆ ಫೆರಿಟಿನ್ ಮಾಡಿಸು. ಜ್ವರ, ನೆಗಡಿ ಇದ್ದಾಗ ಅಥವಾ ಲಾಂಗ್ ರನ್ನಿನ ಮರುದಿನ ಬೇಡ, ಉರಿಯೂತ ಇದ್ದರೆ ಫೆರಿಟಿನ್ ಸುಳ್ಳೇ ಹೆಚ್ಚು ತೋರಿಸುತ್ತದೆ. 30ಕ್ಕಿಂತ ಕೆಳಗಿದ್ದರೆ ಊಟಿಯ ಮಾತೇ ಬೇಡ. ಗುಳಿಗೆಯ ಪ್ರಮಾಣ ಡಾಕ್ಟರೇ ಹೇಳಬೇಕು, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಗೋಬೇಡ, ಕಬ್ಬಿಣ ಹೆಚ್ಚಾದರೂ ಹಾನಿಯೇ. ಬೇಗ ಆಗಲಿ ಅಂತ ಯಾರಾದರೂ ಡ್ರಿಪ್ ಹಾಕಿಸು ಅಂದರೆ ಮೊದಲು ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮ ನೋಡು. ಆಸ್ಪತ್ರೆಯ ಚಿಕಿತ್ಸೆಯ ಭಾಗವಾಗಿ ಅಲ್ಲದೆ 12 ತಾಸಿನಲ್ಲಿ 100 ಮಿಲಿಲೀಟರಿಗಿಂತ ಹೆಚ್ಚು ನರಕ್ಕೆ ಏರಿಸುವುದು ನಿಷಿದ್ಧ.

ಊಟದ್ದು ಇನ್ನೂ ಮುಖ್ಯ. ನಾನು ಸಸ್ಯಾಹಾರಿ ಮನೆಯವಳು. ಜೋಳದ ರೊಟ್ಟಿ, ಕಾಳುಪಲ್ಯ, ಗುರೆಳ್ಳು ಹಿಂಡಿ, ಪುಂಡಿಪಲ್ಯ ಎಲ್ಲದರಲ್ಲೂ ಕಬ್ಬಿಣ ಇದೆ, ಆದರೆ ಕರುಳು ಅದನ್ನು ಅಷ್ಟು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದರ ಮೇಲೆ ನಮ್ಮ ಕಡೆ ಉಂಡ ಕೂಡಲೇ ಚಾ. ಊಟದ ಜೊತೆಗಿನ ಒಂದು ಕಪ್ ಚಾ ಕಾಳು, ಸೊಪ್ಪಿನ ಕಬ್ಬಿಣ ಹೀರಿಕೊಳ್ಳುವುದನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಲ್ಲದು. ಚಾ ಬಿಡು ಅನ್ನುವುದಿಲ್ಲ, ಊಟಕ್ಕೂ ಗುಳಿಗೆಗೂ ಎರಡು ತಾಸು ದೂರ ಇಡು. ಮಡಕಿ, ಹೆಸರು ಮೊಳಕೆ ಬರಿಸಿ, ಮೇಲೆ ಲಿಂಬೆ ಹಿಂಡಿ ತಿನ್ನು. ಮಾಂಸ ತಿನ್ನುವ ಮನೆಯಾದರೆ ಪುಣ್ಯ, ವಾರಕ್ಕೊಮ್ಮೆ ಲಿವರ್ ತಿನ್ನು. ಬೀಟ್‌ರೂಟ್ ಕೆಂಪಗಿದೆ ಅಂತ ಅದನ್ನೇ ನಂಬಿ ಕೂರಬೇಡ.

ಇನ್ನೊಂದು ಮಾತು, ಇದನ್ನು ಹುಡುಗಿಯರಿಗೆ ಯಾವ ಸರ್ ಕೂಡ ಬಾಯಿಬಿಟ್ಟು ಕೇಳುವುದಿಲ್ಲ. ಮುಟ್ಟು ತಿಂಗಳುಗಟ್ಟಲೆ ನಿಂತಿದ್ದರೆ ಕಬ್ಬಿಣ ಉಳಿಯಿತು ಅಂತ ಖುಷಿಪಡಬೇಡ. ಓಟಗಾರ್ತಿಯರಲ್ಲಿ ಹೆಚ್ಚಾಗಿ ಓಡುವಷ್ಟು ಉಣ್ಣುತ್ತಿಲ್ಲ ಅಂತ ಅರ್ಥ, ಮುಂದೆ ಮೂಳೆ ಬಿರುಕು ಬಿಡಬಹುದು. ಅದಕ್ಕೂ ಡಾಕ್ಟರನ್ನು ಕಾಣಲೇಬೇಕು.

ನಿನ್ನ ಮೂಲ ಪ್ರಶ್ನೆಗೆ: ಇಳಿದು ಒಂದೆರಡು ದಿನದೊಳಗೆ, ಇಲ್ಲವೇ ಎರಡು ಮೂರು ವಾರ ಬಿಟ್ಟು ಓಡಿಸುವುದು ಬಹಳ ಕೋಚ್‌ಗಳ ರೂಢಿ. ನಡುವಿನ ದಿನಗಳಲ್ಲಿ ಮೈ ಮಂದ ಅನ್ನುತ್ತಾರೆ. ಇದು ಒಬ್ಬೊಬ್ಬರಿಗೆ ಒಂದೊಂದು ಥರ, ಆದ್ದರಿಂದಲೇ ಜೀವನದ ಮೊದಲ ಕ್ಯಾಂಪನ್ನು ವರ್ಷದ ದೊಡ್ಡ ರೇಸಿಗೆ ಅಂಟಿಸಬಾರದು. ಶಿಮ್ಲಾ ಆಚೆಯ ಶಿಲಾರೂ 2,400 ಮೀಟರ್, ಅಲ್ಲಿಗೆ ಹೋದರೂ ಇದೇ ಮಾತು. ಕಪ್ಪತಗುಡ್ಡ ಹತ್ತಿ ಓಡುವುದು ಕಾಲಿಗೆ ಬಲ, ಆದರೆ ಅಲ್ಲಿ ಗಾಳಿ ತೆಳುವಾಗುವಷ್ಟು ಎತ್ತರ ಇಲ್ಲ. ಎತ್ತರದ ತಾಲೀಮಿಗೆ ಬದಲಿ ಅಂತ ಮಾರುವ ಮಾಸ್ಕ್ ಉಸಿರಿಗೆ ಅಡ್ಡ ಬರುತ್ತದೆ ಅಷ್ಟೇ, ಗಾಳಿಯ ಒತ್ತಡ ಇಳಿಸುವುದಿಲ್ಲ, ರಕ್ತ ಹೆಚ್ಚಿಸುವುದಿಲ್ಲ. ಕೊಳ್ಳಬೇಡ.

ಫೆರಿಟಿನ್ ಏರಿದ ಮೇಲೆ, ಮುಂದಿನ ವರ್ಷ, ಯಾವ ಮೀಟೂ ಹತ್ತಿರ ಇಲ್ಲದಾಗ ಹೋಗು. ನಾಲ್ಕು ವಾರ ಇರು. ಧಾರವಾಡದ ಟೈಮನ್ನು ಅಲ್ಲಿ ಬೆನ್ನಟ್ಟಬೇಡ. ಮೆಕ್ಸಿಕೊ ನಗರದ ಎತ್ತರವೂ ಊಟಿಯದ್ದೇ. 1968ರ ಒಲಿಂಪಿಕ್ಸ್‌ನಲ್ಲಿ ನಫ್ತಾಲಿ ತೆಮು 10,000 ಮೀಟರ್ ಗೆದ್ದದ್ದು 29:27.4ಕ್ಕೆ, ಆಗಿನ ವಿಶ್ವದಾಖಲೆ 27:39.4. ಆ ದಾಖಲೆಯ ಒಡೆಯ ರಾನ್ ಕ್ಲಾರ್ಕ್ ಆರನೆಯವನಾಗಿ ಮುಗಿಸಿ ಅಲ್ಲೇ ಕುಸಿದ, ಆಮ್ಲಜನಕ ಕೊಡಬೇಕಾಯಿತು. ಲೆವಿನ್ ಮತ್ತು ಸ್ಟ್ರೇ-ಗುಂಡರ್‌ಸನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,500 ಮೀಟರ್‌ನಲ್ಲಿ ಮಲಗಿ 1,250 ಮೀಟರ್‌ನಲ್ಲಿ ತಾಲೀಮು ಮಾಡಿದವರ ಓಟ ಸುಧಾರಿಸಿತು. ಮೇಲೇ ಇದ್ದು ಮೇಲೇ ತಾಲೀಮು ಮಾಡಿದವರಿಗೆ ರಕ್ತ ಹೆಚ್ಚಿದರೂ ಓಟ ಹೆಚ್ಚಲಿಲ್ಲ. ಊಟಿಯಿಂದ ದಿನಾ ಕೆಳಗಿಳಿದು ಬರಲು ನಮ್ಮಂಥವರಿಗೆ ಆಗದು. ಅದಕ್ಕೆ ರಿಪೀಟ್‌ಗಳನ್ನು ಚಿಕ್ಕದು ಮಾಡು, 1,000ದ ಬದಲು 300, 400, ನಡುವೆ ಧಾರಾಳ ವಿಶ್ರಾಂತಿ, ಕಾಲಿನ ವೇಗ ಉಳಿಯಲಿ. ಏಪ್ರಿಲ್, ಮೇ ಬೇಡ. ಪ್ರವಾಸಿಗರ ಸೀಸನ್, ರೂಮಿನ ಬಾಡಿಗೆ ಕೈಗೆ ಸಿಗುವುದಿಲ್ಲ, ರಸ್ತೆ ತುಂಬ ಕಾರು. ಗ್ಯಾಸ್ ಇರುವ ಕೋಣೆ ಹಿಡಿ, ರೊಟ್ಟಿಹಿಟ್ಟು, ಹಿಂಡಿ ಮನೆಯಿಂದಲೇ ಒಯ್ಯಿ, ಗುಳಿಗೆ ತಪ್ಪಿಸಬೇಡ.