ಸ್ಟುವರ್ಟ್ ಹೋಗಿ ಜಸ್ಟಿಸ್ ಬಂದ ಹೈಸ್ಕೂಲು

ನಮಸ್ಕಾರ. ಅಮೆರಿಕದ ವರ್ಜೀನಿಯಾ ರಾಜ್ಯದ ಫಾಲ್ಸ್ ಚರ್ಚ್‌ನಲ್ಲಿ ನೀವು ನೋಡಿರುವ ಬಾಡಿಗೆ ಮನೆಗೆ ವಿಳಾಸದ ಪ್ರಕಾರ ಜಸ್ಟಿಸ್ ಹೈಸ್ಕೂಲು ಸಿಗುತ್ತದೆಂದೂ, ಅಲ್ಲಿನ ಹಳಬರು ಮಾತ್ರ ಸ್ಟುವರ್ಟ್ ಎನ್ನುತ್ತಾರೆಂದೂ ಬರೆದು, ಇವು ಎರಡು ಬೇರೆ ಶಾಲೆಗಳೇ ಎಂದು ಕೇಳಿದ್ದೀರಿ. ಶಾಲೆ ಒಂದೇ. 2018ರವರೆಗೆ ಅದು ಜೆ.ಇ.ಬಿ. ಸ್ಟುವರ್ಟ್ ಹೈಸ್ಕೂಲು ಆಗಿತ್ತು.

ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬಂಡೆದ್ದ ದಕ್ಷಿಣದ ರಾಜ್ಯಗಳ ಅಶ್ವದಳಕ್ಕೆ ಸ್ಟುವರ್ಟ್ ಸೇನಾಪತಿಯಾಗಿದ್ದ. 1861ರಲ್ಲಿ ಆತನ ದಂಡು ಅಲ್ಲೇ ಸಮೀಪದ ಮನ್ಸನ್ಸ್ ಹಿಲ್‌ನಲ್ಲಿ ಬೀಡುಬಿಟ್ಟಿದ್ದುದು ನಿಜ. ಆದರೆ ಹೆಸರಿನ ಹಿನ್ನೆಲೆಯನ್ನು ಆ ಗುಡ್ಡದಲ್ಲಿ ಹುಡುಕುವುದಕ್ಕಿಂತ ಶಾಲೆ ತೆರೆದ 1959ರಲ್ಲಿ ಹುಡುಕುವುದೇ ಸರಿಯೆಂದು ನನ್ನ ಅಭಿಪ್ರಾಯ. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಸರ್ಕಾರಿ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪು ಕೊಟ್ಟಿತ್ತು. ಅದಕ್ಕೆ ಮಣಿಯಲೊಲ್ಲದ ವರ್ಜೀನಿಯಾ ಸರ್ಕಾರ 1958ರಲ್ಲಿ ನಾರ್ಫಕ್, ಷಾರ್ಲಟ್ಸ್‌ವಿಲ್ ಮುಂತಾದೆಡೆ ಶಾಲೆಗಳಿಗೇ ಬೀಗ ಹಾಕಿಸಿತು, ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಂತೂ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥದು) 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳೇ ನಡೆಯಲಿಲ್ಲ. ಅಂಥ ಕಾಲದಲ್ಲಿ ಹೊಸ ಶಾಲೆಯೊಂದಕ್ಕೆ ಸ್ಟುವರ್ಟ್‌ನ ಹೆಸರಿಟ್ಟದ್ದು ಬರೀ ಇತಿಹಾಸದ ಮೇಲಿನ ಪ್ರೀತಿಯಿಂದ ಎಂದು ನಂಬುವುದು ಕಷ್ಟ. ಆಗ ಶಾಲಾ ಮಂಡಳಿಯವರು ಜನರಿಂದ ಆಯ್ಕೆಯಾದವರೂ ಅಲ್ಲ, ನೇಮಕಗೊಂಡವರು.

ಹೆಸರು ಬದಲಿಸಬೇಕೆಂದು 2015ರಲ್ಲಿ ಮನವಿ ಹೊರಡಿಸಿದವರಲ್ಲಿ ಅಲ್ಲಿಯೇ ಓದಿದ್ದ ನಟಿ ಜೂಲಿಯನ್ ಮೂರ್, ಚಿತ್ರ ನಿರ್ಮಾಪಕ ಬ್ರೂಸ್ ಕೋಹನ್ ಇದ್ದರು. ಖರ್ಚಿನ ಮಾತು, ಹಳೆಯ ವಿದ್ಯಾರ್ಥಿಗಳ ನೆನಪಿನ ಮಾತು ಎಲ್ಲವೂ ಬಂದವು. ಕೊನೆಗೆ ಚುನಾಯಿತ ಮಂಡಳಿ 2017ರಲ್ಲಿ ಮತಕ್ಕೆ ಹಾಕಿ ಜಸ್ಟಿಸ್, ಅಂದರೆ ನ್ಯಾಯ, ಎಂಬ ಹೆಸರನ್ನು ಒಪ್ಪಿತು. ಆ 1954ರ ಮೊಕದ್ದಮೆಯನ್ನು ವಾದಿಸಿದ, ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್, 1951ರಲ್ಲಿ ಹದಿನಾರರ ಹರೆಯದಲ್ಲೇ ತನ್ನ ಶಾಲೆಯ ದುಃಸ್ಥಿತಿಯ ವಿರುದ್ಧ ಮುಷ್ಕರ ಹೂಡಿಸಿದ ಬಾರ್ಬರಾ ಜಾನ್ಸ್, ಸೇನಾಧಿಕಾರಿ ಲೂಯಿಸ್ ಮೆಂಡೆಜ್ ಮೊದಲಾದವರ ಗೌರವಾರ್ಥವಾಗಿ ಇಟ್ಟ ಹೆಸರದು. ಮಾರ್ಷಲ್ ಅವರ ಮನೆಯೂ ಅಲ್ಲೇ ಲೇಕ್ ಬಾರ್‌ಕ್ರಾಫ್ಟ್‌ನಲ್ಲಿತ್ತು.

ಹೆಸರು ಬದಲಾದದ್ದು ಇದೊಂದೇ ಶಾಲೆಯದೆಂದು ತಿಳಿಯಬೇಡಿ. ಸ್ಪ್ರಿಂಗ್‌ಫೀಲ್ಡಿನ ಹೈಸ್ಕೂಲಿಗೆ ಅದೇ ಬಂಡುಕೋರ ರಾಜ್ಯಗಳ ಸೇನಾಪತಿ ರಾಬರ್ಟ್ ಇ. ಲೀಯ ಹೆಸರಿತ್ತು; ಅದಕ್ಕೆ 2020ರ ಜುಲೈನಲ್ಲಿ, ಕರಿಯರ ನಾಗರಿಕ ಹಕ್ಕುಗಳಿಗಾಗಿ ಹೋರಾಡಿದ ಸಂಸದ ಜಾನ್ ಲೂಯಿಸ್ ತೀರಿಕೊಂಡ ವಾರದೊಳಗೆ, ಅವರ ಹೆಸರಿಟ್ಟರು. ಹೀಗಾಗಿ ಹಳೆಯ ನಕ್ಷೆಗಳನ್ನೂ ಹಳಬರ ಮಾತನ್ನೂ ಹೊಸ ಹೆಸರಿನೊಡನೆ ಹೊಂದಿಸಿಕೊಂಡು ನೋಡಬೇಕಾಗುತ್ತದೆ.

ಮನೆಯ ಕರಾರಿಗೆ ಸಹಿ ಹಾಕುವ ಮುಂಚೆ ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ. ವಿಳಾಸದಲ್ಲಿ ಫಾಲ್ಸ್ ಚರ್ಚ್ ಎಂದಿದ್ದರೂ ಜಸ್ಟಿಸ್ ಇರುವುದು ನಗರದ ಎಲ್ಲೆಯ ಹೊರಗೆ, ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ. ಫಾಲ್ಸ್ ಚರ್ಚ್ ನಗರದ ಶಾಲಾ ವ್ಯವಸ್ಥೆಯೇ ಬೇರೆ, ಅದರ ಹೈಸ್ಕೂಲು ಮೆರಿಡಿಯನ್. ಅದೂ 2021ರವರೆಗೆ ಜಾರ್ಜ್ ಮೇಸನ್ ಹೈಸ್ಕೂಲು ಆಗಿತ್ತು. ಯಾವ ಮನೆಗೆ ಯಾವ ಶಾಲೆಯೆಂದು ಬಾಡಿಗೆ ಏಜೆಂಟರನ್ನು ನಂಬುವ ಬದಲು ಕೌಂಟಿಯ ಶಾಲಾ ಕಚೇರಿಯಲ್ಲೇ ವಿಳಾಸ ಕೊಟ್ಟು ಕೇಳಿ.