ಕ್ಷಮೆ ಕೇಳಿದ್ದು ಸಾಕು, ಬಡ್ಡಿ ಕಟ್ಟಿ

ಅರಸೀಕೆರೆ ಕಡೆಯಿಂದ ಒಂದು ಪತ್ರ ಬಂದಿದೆ. ಓದಿದ ಮೇಲೆ ಈ ವಾರ ಬೇರೆ ಯಾವುದಕ್ಕೂ ಉತ್ತರ ಬರೆಯುವ ಮನಸ್ಸಾಗಲಿಲ್ಲ.

ಬರೆದವರಿಗೆ 46 ವರ್ಷ. ಹದಿನಾರು ವರ್ಷ ಕುಡಿದಿದ್ದಾರೆ. ಮೂರು ವರ್ಷದ ಹಿಂದೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಕ್ಕೆ ಸೇರಿ ಬಿಟ್ಟರು, ಆಮೇಲೆ ಒಂದು ತೊಟ್ಟೂ ಮುಟ್ಟಿಲ್ಲ. ಹೆಂಡತಿ ಬ್ಲೌಸ್ ಹೊಲಿಯುತ್ತಾರೆ, ಮಗಳು ಪಿಯುಸಿ. ಇವರ ಗೋಳು ಎರಡು. ನನ್ನನ್ನು ನಾನು ಕ್ಷಮಿಸಿಕೊಳ್ಳೋಕೆ ಆಗ್ತಿಲ್ಲ ಅನ್ನೋದು ಒಂದು. ದಿನಾ ರಾತ್ರಿ ಹೆಂಡತಿ ಹತ್ತಿರ ತಪ್ಪಾಯ್ತು ಅಂತೀನಿ, ಅವಳು "ಆಯ್ತು ಬಿಡಿ" ಅಂತಾಳೆ, ಆದರೂ ಸಂಜೆ ಮನೆಗೆ ಬಂದ ಕೂಡಲೇ ಬಾಗಿಲಲ್ಲೇ ಅಡ್ಡ ನಿಂತು ಬಾಯಿ ವಾಸನೆ ನೋಡ್ತಾಳೆ ಅನ್ನೋದು ಇನ್ನೊಂದು.

ಐದು ಪುಟದ ಪತ್ರ. ನಾಲ್ಕನೇ ಪುಟದಲ್ಲಿ ಎಲ್ಲೋ ಒಂದು ಸಾಲು ಇದೆ: ಹೆಂಡತಿಯ ಎರಡೆಳೆ ಸರ ಇನ್ನೂ ಸೊಸೈಟಿಯಲ್ಲಿ ಅಡವಿದೆ, ಬಡ್ಡಿ "ಅವಳೇ ಹೇಗೋ ಕಟ್ಟಿಕೊಂಡು ಹೋಗ್ತಾಳೆ".

ಹೇಗೋ ಅಂದ್ರೆ ಹೇಗೆ ಸ್ವಾಮಿ? ಬ್ಲೌಸ್ ಹೊಲಿದು ಕಟ್ತಾರೆ. ನೀವು ಕುಡಿಯೋಕೆ ಇಟ್ಟ ಅಡವು, ನೀವು ಬಿಟ್ಟು ಮೂರು ವರ್ಷವಾದರೂ ಆಕೆಯ ಹೊಲಿಗೆ ಮೆಷಿನ್ ಮೇಲೇ ಓಡ್ತಿದೆ. ಬಡ್ಡಿ ತಪ್ಪಿದರೆ ಹರಾಜಿನ ನೋಟಿಸ್ ಬರುತ್ತೆ ಅನ್ನೋ ಭಯವೂ ಅವರದೇ. ಇದರ ಮಧ್ಯೆ ರಾತ್ರಿ ನೀವು ಅತ್ತರೆ ಸಮಾಧಾನ ಮಾಡೋ ಕೆಲಸವೂ ಅವರ ಪಾಲಿಗೆ!

ಆಲ್ಕೋಹಾಲಿಕ್ಸ್ ಅನಾನಿಮಸ್ ಅಂತ ಕುಡಿತ ಬಿಟ್ಟವರ ಕೂಟವಿದೆ, 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಶುರುವಾಗಿದ್ದು. ಅವರ ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು, ನಿಮ್ಮಿಂದ ನೊಂದವರ ಪಟ್ಟಿ ಮಾಡಿ ಅನ್ನುತ್ತೆ. ಒಂಬತ್ತನೆಯದು, ಅವರಿಗಾದ ನಷ್ಟವನ್ನು ಸಾಧ್ಯವಿರೋ ಕಡೆಯೆಲ್ಲ ನೇರವಾಗಿ ಸರಿಮಾಡಿ, ಅದರಿಂದ ಅವರಿಗೋ ಬೇರೆಯವರಿಗೋ ಪೆಟ್ಟಾಗೋ ಹಾಗಿದ್ದರೆ ಮಾತ್ರ ಬೇಡ ಅನ್ನುತ್ತೆ. ದಿನಾ ಸಾರಿ ಕೇಳಿ ಅಂತ ಅಲ್ಲೆಲ್ಲೂ ಇಲ್ಲ. ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೀನಿ, ಪದೇ ಪದೇ ಕ್ಷಮೆ ಕೇಳೋದು ಎದುರಿನವರ ಹತ್ತಿರ ಇನ್ನೊಂದು ಸಾಲ ಕೇಳಿದ ಹಾಗೆ.

ಕುಡಿತದ ಚಟ ಕಾಯಿಲೆ ಅಂತ ವೈದ್ಯರು ಹೇಳ್ತಾರೆ. ಒಪ್ತೀನಿ, ಅದಕ್ಕಾಗಿ ನಿಮ್ಮನ್ನು ಬೈಯೋದಿಲ್ಲ. ಮೂರು ವರ್ಷ ತಡೆದುಕೊಂಡಿದ್ದೀರಲ್ಲ, ಅದು ಸಣ್ಣ ಮಾತಲ್ಲ. ಆದರೆ ನಾನು ಪಾಪಿ, ನಾನು ಪಾಪಿ ಅಂತ ಜಪ ಮಾಡ್ತಾ ಕೂತವರು ಆ ಸಂಕಟ ತಡೆಯೋಕಾಗದೆ ಮತ್ತೆ ಬಾಟಲಿಗೇ ಕೈಹಾಕಿದ್ದು ಉಂಟು. ಅಂಥ ರಾತ್ರಿ ಹೆಂಡತಿಯನ್ನು ಎಬ್ಬಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ವಾಸನೆ ನೋಡ್ತಾರಾ? ನೋಡಲಿ. ಹದಿನಾರು ವರ್ಷದ ಅಭ್ಯಾಸ, ನಿಮ್ಮಿಂದಲೇ ಕಲಿತದ್ದು. ಅವರಿಗೆ ಸಾಕನ್ನಿಸಿದ ದಿನ ನಿಲ್ಲಿಸ್ತಾರೆ, ಅಲ್ಲಿವರೆಗೆ ಸುಮ್ನೆ ನಿಂತು ಬಾಯಿ ತೆಗೆಯಿರಿ.

ಮಾಡಬೇಕಾದ್ದು ಒಂದೇ. ಸೋಮವಾರ ಸೊಸೈಟಿಗೆ ಹೋಗಿ ಅಸಲೆಷ್ಟು, ಬಡ್ಡಿಯೆಷ್ಟು ಅಂತ ಬರೆಸಿಕೊಳ್ಳಿ. ಈ ತಿಂಗಳಿಂದಲೇ ನಿಮ್ಮ ಸಂಬಳದಲ್ಲಿ ಕಟ್ಟಿ, ಸರ ಬಿಡಿಸೋವರೆಗೂ ತಪ್ಪಿಸಬೇಡಿ. ನಿಮ್ಮನ್ನು ನೀವು ಕ್ಷಮಿಸಿಕೊಳ್ಳೋ ವಿಷಯ ಆಮೇಲೆ ನೋಡೋಣ.

ಇನ್ನು ನಿಮ್ಮ ಅಣ್ಣ. ಮದುವೆ, ನಾಮಕರಣ ಎಲ್ಲಿ ಸಿಕ್ಕರೂ ಭುಜ ತಟ್ಟಿ "ನನ್ನ ತಮ್ಮ ಈಗ ಸುಧಾರಿಸಿದಾನೆ, ಮೊದಲು ಹೇಗಿದ್ದ ಗೊತ್ತಾ" ಅಂತ ನಾಲ್ಕು ಜನರ ಎದುರು ಶುರು ಮಾಡ್ತಾರಂತೆ. ನೀವು ಕುಡೀತಿದ್ದಾಗ ಪಕ್ಕದಲ್ಲೇ ಕೂತು ಬಿಲ್ ಕೊಡ್ತಿದ್ದವರೂ ಇವರೇ ಅಂತ ನೀವೇ ಬರೆದಿದ್ದೀರಿ. ಎಂಥಾ ಮನುಷ್ಯ! ಅವರ ಗೃಹಪ್ರವೇಶಕ್ಕೆ ಹೋಗಲಾ ಬೇಡವಾ ಅಂತ ಕೇಳಿದ್ದೀರಿ. ಹೆಂಡತಿ ಮಗಳು ಹೊರಟರೆ ಹೋಗಿ, ಊಟ ಮಾಡಿ, ಆ ಮಾತು ಶುರುವಾದ ತಕ್ಷಣ "ಬಸ್ಸಿಗೆ ಹೊತ್ತಾಯ್ತು" ಅಂತ ಎದ್ದು ಬನ್ನಿ.