ತಲೆಗೆ ಹಚ್ಚೋ ಎಣ್ಣೆ ಕೇಕಿಗೆ ಹಾಕ್ಬಹುದಾ ಅಂತ ಕೇಳಿದ್ಯಲ್ಲ

ನಿನ್ನ ಮೆಸೇಜು ಬಂದಾಗ ನಾನು ಅಮೆರಿಕದ ಮಿಶಿಗನ್ನಲ್ಲಿ ಇರ್ಲಿಲ್ಲ ಕಣಮ್ಮ, ತಿಪಟೂರು ಹತ್ರ ನಮ್ಮೂರಲ್ಲಿ ಅಮ್ಮನ ಮನೆ ಪಡಸಾಲೆಲಿ ಕೂತಿದ್ದೆ, ತಲೆ ಮೇಲೆ ಅಟ್ಟದ ತುಂಬ ಕಾಯಿ, ಹೊರಗಡೆ ಏಪ್ರಿಲ್ ಬಿಸ್ಲು. ಹದಿಮೂರು ವರ್ಷ ಆಯ್ತು ನಾನು ಊರು ಬಿಟ್ಟು, ಎರಡು ವರ್ಷಕ್ಕೊಂದ್ಸಲ ಒಂದು ತಿಂಗ್ಳು ಬಂದು ಹೋಗ್ತೀನಿ. ನೀನು ಕೇಳಿದ್ದನ್ನ ಅಮ್ಮಂಗೂ ಓದಿ ಹೇಳ್ದೆ. ನೀನು ಅಮೆರಿಕಕ್ಕೆ ಬಂದು ಮೂರು ತಿಂಗ್ಳಾಗಿದೆ, ಮುಂದಿನ ಶನಿವಾರ ಯಜಮಾನ್ರ ಆಫೀಸಿನವ್ರ ಮನೇಲಿ ಎಲ್ರೂ ಒಂದೊಂದು ಅಡುಗೆ ತರೋ ಊಟ, ಅಲ್ಲೊಂದು ಮಗೂಗೆ ಹಾಲಿನ ಅಲರ್ಜಿ ಅಂತ ಬೆಣ್ಣೆ ಹಾಕೋ ಹಂಗಿಲ್ಲ, ರೆಸಿಪಿಲಿ ಕರಗಿಸಿದ ಕೊಬ್ಬರಿ ಎಣ್ಣೆ ಅಂತ ಬರ್ದಿದೆ, ತುಮಕೂರಿಂದ ನಿಮ್ಮಮ್ಮ ಕಟ್ಟಿ ಕೊಟ್ಟ ಬಾಟ್ಲು ಕಲ್ಲಾಗಿ ಕೂತಿದೆ, ಅದನ್ನೇ ಹಾಕ್ಬಹುದಾ, ತಲೆಎಣ್ಣೆ ವಾಸನೆ ಬರಲ್ವಾ, ಆಮೇಲೆ ಕೊನೇಲಿ ಒಂದು ಸಾಲು, ಅಕ್ಕ ಇಡೀ ದಿನ ಒಬ್ಳೇ ಹೆಂಗಿರೋದು ಅಂತ. ಆ ಕೊನೆ ಸಾಲೇ ಮೊದ್ಲು ಕಣ್ಣಿಗೆ ಬಿತ್ತು, ಆದ್ರೂ ಎಣ್ಣೆಯಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಶನಿವಾರ ಹತ್ರ ಇದೆ.

ಹಾಕ್ಬಹುದು, ಧೈರ್ಯವಾಗಿ ಹಾಕು. ಅಮ್ಮ ಮಾತ್ರ "ತಲೆಗ್ ಹಚ್ಕಳೋ ಎಣ್ಣೇನ ಕೇಕಿಗಾಕ್ತಾರೇನೇ" ಅಂದ್ಲು. ನಮ್ಮ ಕಡೆ ಹಂಗೇ ಅಲ್ವಾ, ಇಡೀ ಜಿಲ್ಲೆಗೆ ಕಲ್ಪತರು ನಾಡು ಅಂತ ಹೆಸ್ರು, ತಿಪಟೂರು ಕೊಬ್ಬರಿ ಅಂದ್ರೆ ಉತ್ತರ ಭಾರತದ ತನಕ ಹೋಗುತ್ತೆ, ಆದ್ರೆ ಒಗ್ಗರಣೆಗೆ ಮಾತ್ರ ಕಡ್ಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ತಲೆಗೆ ಮೈಗೆ. ಅದ್ರಲ್ಲೇ ಅಡುಗೆ ಮಾಡೋರು ಮಂಗಳೂರಿನವ್ರು ಕೇರಳದವ್ರು ಅನ್ಕೊಂಡು ಬೆಳ್ದೋರು ನಾವು. ಈ ತಲೆಗೋ ಬಾಯಿಗೋ ಅನ್ನೋ ಜಗಳ ನಮ್ಮನೇದೊಂದೇ ಅಲ್ಲ, ತೆರಿಗೆ ವಿಷ್ಯದಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ, 2024ರ ಡಿಸೆಂಬರಲ್ಲಿ ತೀರ್ಪು ಬಂತು, ಚಿಕ್ಕ ಬಾಟ್ಲು ಅಂದ ಮಾತ್ರಕ್ಕೆ ಅದು ಹೇರ್ ಆಯಿಲ್ ಆಗಲ್ಲ, ಹೇರ್ ಆಯಿಲ್ ಅಂತಾನೇ ಲೇಬಲ್ ಹಾಕಿ ಮಾರದಿದ್ರೆ ಅದು ತಿನ್ನೋ ಎಣ್ಣೆನೇ ಅಂತ. ನಿಂಗೂ ಅದೇ ಅಳತೆ ಸಾಕು. ಗಾಣದ್ದು ಆದ್ರೆ ಹಾಕು, ಅಂಗ್ಡಿದಾದ್ರೆ ತಿನ್ನೋಕೆ ಯೋಗ್ಯ ಅಂತ ಬರ್ದಿದ್ಯಾ ನೋಡು, ಮಲ್ಲಿಗೆ ವಾಸನೆನೋ ದಾಸವಾಳನೋ ನೆಲ್ಲಿಕಾಯಿನೋ ಸೇರ್ಸಿದ್ರೆ ಅದನ್ನ ತಲೆಗೇ ಇಟ್ಕೋ.

ವಾಸನೆ ಬರುತ್ತೆ, ಸುಳ್ಳು ಹೇಳಲ್ಲ. ನಮ್ಮ ಗಾಣದ ಎಣ್ಣೆ ಹತ್ತು ಹನ್ನೊಂದು ತಿಂಗ್ಳು ಅಟ್ಟದಲ್ಲಿ ಒಣಗಿದ ಕಾಯಿದು. ಕಾಯೊಳಗಿನ ನೀರೆಲ್ಲ ಇಂಗಿ ಗಿಟಕು, ಅಂದ್ರೆ ಒಣಗಿದ ಇಡೀ ಕೊಬ್ಬರಿ, ಚಿಪ್ಪು ಬಿಟ್ಟು, ಅಲ್ಲಾಡ್ಸಿದ್ರೆ ಲೊಟಲೊಟ ಅನ್ನಬೇಕು, ಆಗ ಇಳ್ಸಿ ಸುಲಿಯೋದು. ಒಳ್ಳೆ ಉಂಡೆ ಗಿಟಕು ಮಾರ್ಕೆಟ್ಟಿಗೆ ಹೋಗುತ್ತೆ, ಒಡೆದದ್ದು ಚೂರಾದದ್ದು ಮನೆಗೆ ಬೇಕಾದಷ್ಟು ಗಾಣಕ್ಕೆ. ಆ ಎಣ್ಣೆಗೆ ಹುರಿದ ಕೊಬ್ಬರಿ ಘಮ ಇರುತ್ತೆ, ಅಲ್ಲಿ ಅಂಗ್ಡೀಲಿ ವರ್ಜಿನ್ ಅಂತ ಸಿಗೋದ್ರಲ್ಲಿ ಹಸಿಕಾಯಿ ಘಮ, ರಿಫೈನ್ಡ್ ಅಂತ ಇರೋದ್ರಲ್ಲಿ ಏನೂ ಇರಲ್ಲ. ವೆನಿಲ್ಲಾ ಕೇಕಿಗೆ ರಿಫೈನ್ಡೇ ಸರಿ. ಬಾಳೆಹಣ್ಣು, ಬೆಲ್ಲ, ಏಲಕ್ಕಿ, ರಾಗಿ, ಚಾಕ್ಲೇಟು ಇವುಗಳ ಜೊತೆ ನಮ್ಮ ಎಣ್ಣೆನೇ ಚೆನ್ನ, ಇದನ್ನ ನಾನು ಪೂರ್ತಿ ನಂಬ್ತೀನಿ, ಬೇಕರಿ ದಿಲ್‌ಪಸಂದ್ ಮುರಿದಾಗ ಬರುತ್ತಲ್ಲ ಆ ಥರದ್ದು ಒಂದು ವಾಸನೆ ಇಡೀ ಮನೆಗೆ ಹರಡುತ್ತೆ.

ಈಗ ಕಲ್ಲಾಗಿರೋ ವಿಷ್ಯ. ಎಣ್ಣೆ ಕೆಟ್ಟಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತೆ, ಅದಕ್ಕಿಂತ ಕೆಳಗೆ ಗಟ್ಟಿ. ಊರಲ್ಲಿ ಡಿಸೆಂಬರ್ ಜನವರಿ ಬೆಳಗ್ಗೆ ಹಂಗೇ ಆಗ್ತಿತ್ತಲ್ಲ, ಸ್ಕೂಲಿಗೆ ಜಡೆ ಹಾಕೋ ಹೊತ್ತಿಗೆ ಅಮ್ಮ ಬಾಟ್ಲನ್ನ ಬಚ್ಚಲು ಹಂಡೆ ಒಲೆ ಪಕ್ಕ ಇಡ್ತಿದ್ಲು, ಅಂಚಲ್ಲಿ ಮೊದ್ಲು ಒಂದು ಬೆರಳಷ್ಟು ತಿಳಿ ಆಗೋದು, ಮಧ್ಯೆ ಬಿಳೀ ಗಟ್ಟಿ ಹಂಗೇ ಉಳಿದಿರೋದು. ನಿಮ್ಮನೆ ಹೀಟರು 68 ಫ್ಯಾರನ್‌ಹೀಟಿಗೆ ಇಟ್ಟಿರ್ತೀರಿ, ಅಂದ್ರೆ 20 ಡಿಗ್ರಿ ಸೆಲ್ಸಿಯಸ್ಸು, ಅಲ್ಲಿ ಅದು ವರ್ಷದಲ್ಲಿ ಏಳೆಂಟು ತಿಂಗ್ಳು ಗಟ್ಟಿಯಾಗೇ ಇರುತ್ತೆ. ನಲ್ಲಿ ಬಿಸಿನೀರನ್ನ ಒಂದು ಪಾತ್ರೆಗೆ ಹಿಡಿದು ಬಾಟ್ಲು ಅದ್ರಲ್ಲಿ ಹತ್ತು ನಿಮಿಷ ನಿಲ್ಸು ಸಾಕು, ಸ್ಟೌ ಮೇಲಿಟ್ಟು ಕಾಯಿಸ್ಬೇಡ. ಮೊದ್ಲು ಕರಗಿಸು, ಆಮೇಲೆ ಅಳತೆ ಮಾಡು, ಗಟ್ಟಿ ಎಣ್ಣೇನ ಸ್ಪೂನಲ್ಲಿ ಕೆತ್ತಿ ಕಪ್ಪಿಗೆ ತುಂಬಿದ್ರೆ ಮಧ್ಯೆ ಗಾಳಿ ನಿಂತು ಲೆಕ್ಕ ತಪ್ಪುತ್ತೆ.

ಕೇಕು ಕೆಡೋದು ಇದರ ಮುಂದಿನ ಹೆಜ್ಜೇಲಿ. ಅದಕ್ಕೇ ಇಷ್ಟುದ್ದ ಬರೀತಿರೋದು. ನನ್ನ ಮೊದಲನೇ ಚಳಿಗಾಲ, ಹೊರಗಡೆ ಮೈನಸ್ ಹತ್ತು, ಎಣ್ಣೆ ಚೆನ್ನಾಗಿ ಕರಗಿಸಿ ತಿಳಿಯಾಗಿ ಇಟ್ಕೊಂಡೆ, ಫ್ರಿಜ್ಜಿಂದ ಮೊಟ್ಟೆ ತೆಗೆದು ಒಡ್ದೆ, ಹಾಲು ಸುರಿದೆ, ಮೇಲೆ ಎಣ್ಣೆ ಹಾಕಿ ಕದಡಿದ್ದೇ ತಡ ಬೌಲ್ ತುಂಬ ಬಿಳೀ ಹರಳು, ನುಚ್ಚಕ್ಕಿ ಚೆಲ್ಲಿದ ಹಾಗೆ. ಹಾಲು ಒಡೀತು ಅನ್ಕೊಂಡೆ. ಎಷ್ಟು ಕದಡಿದ್ರೂ ಹರಳು ಹೋಗ್ಲಿಲ್ಲ, ಹಂಗೇ ಮೈದಾ ಹಾಕಿ ಓವನ್ನಿಗಿಟ್ಟೆ, ಕೇಕಿನ ಒಳಗೆಲ್ಲ ತೂತು, ತಳದಲ್ಲಿ ಜಿಡ್ಡು, ಒಂದು ಕಡೆ ಒಣ ಒಂದು ಕಡೆ ಒದ್ದೆ. ಅವತ್ತು ಸಿಂಕ್ ಮುಂದೆ ನಿಂತು ಅತ್ತಿದ್ದೀನಿ, ಕೇಕಿಗಷ್ಟೇ ಅಲ್ಲ ಅಂತ ನಿಂಗೆ ಗೊತ್ತಾಗುತ್ತೆ. ಆಗಿದ್ದಿಷ್ಟೇ, ನಾಲ್ಕು ಡಿಗ್ರಿ ಫ್ರಿಜ್ಜಿನ ಹಾಲು ಮೊಟ್ಟೆಗೆ ತಾಕಿದ ಕೂಡ್ಲೇ ಎಣ್ಣೆ ಮತ್ತೆ ಗಟ್ಟಿಯಾಯ್ತು. ಊರಲ್ಲಿ ಈ ತಾಪತ್ರಯ ಗೊತ್ತೇ ಇರಲ್ಲ, ನಮ್ಮ ಅಂಗ್ಡೀಲಿ ಮೊಟ್ಟೆ ಟ್ರೇ ಹೊರಗಡೆನೇ ಇರುತ್ತೆ, ಅಮೆರಿಕದಲ್ಲಿ ಮೊಟ್ಟೆ ತೊಳೆದು ಫ್ರಿಜ್ಜಲ್ಲೇ ಇಟ್ಟು ಮಾರೋದು. ಈ ಸಲ ಅಮ್ಮನ ಮನೇಲಿ ಚಿಕ್ಕ ಓವನ್ನಲ್ಲಿ ಅದೇ ಕೇಕು ಮಾಡ್ದೆ, ಯಾವುದನ್ನೂ ಬಿಸಿ ಮಾಡದೆ ಎಲ್ಲ ಒಟ್ಟಿಗೆ ಕಲಸ್ದೆ, ಒಂದು ಹರಳಿಲ್ಲ, ಯಾಕಂದ್ರೆ ಏಪ್ರಿಲ್ ಸೆಕೆಗೆ ಎಣ್ಣೆ, ಹಿಟ್ಟು, ಬೌಲು ಎಲ್ಲ ಒಂದೇ ಹದದಲ್ಲಿತ್ತು. ಮಿಶಿಗನ್ನಲ್ಲಿ ಆ ಹದಾನ ನಾವೇ ತರ್ಬೇಕು. ಮೊಟ್ಟೇನ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಮುಳುಗಿಸಿಡು, ನೀರೋ ಸೋಯಾ ಹಾಲೋ ಏನು ಹಾಕಿದ್ರೂ ಬೆಚ್ಚಗೆ ಮಾಡ್ಕೋ, ಎಣ್ಣೆ ಮುಟ್ಟಿದ್ರೆ ಸುಡಬಾರ್ದು, ಸುಟ್ರೆ ಮೊಟ್ಟೆ ಬೆಂದೋಗುತ್ತೆ. ಅಷ್ಟಾದ್ಮೇಲೂ ಹರಳು ಬಂದ್ರೆ ಗಾಬರಿ ಬೇಡ, ಮೈದಾ ಹಾಕೋ ಮುಂಚೆ ಬೌಲನ್ನೇ ಬಿಸಿನೀರಿನ ಪಾತ್ರೆ ಮೇಲಿಟ್ಟು ಕದಡ್ತಾ ಇರು, ಎರಡು ಮೂರು ನಿಮಿಷಕ್ಕೆ ಕರಗುತ್ತೆ.

ಬೆಣ್ಣೆ ಬದ್ಲು ಎಷ್ಟು ಅಂತಾನೂ ನೀನು ಕೇಳಿದ್ದೆ. ರೆಸಿಪಿಲಿ ಎಣ್ಣೆ ಅಂತಾನೇ ಇದ್ರೆ ಅಷ್ಟಕ್ಕಷ್ಟೇ. ಬೆಣ್ಣೆ ಅಂತಿದ್ರೆ ಸ್ವಲ್ಪ ಕಮ್ಮಿ, ಯಾಕಂದ್ರೆ ಅಲ್ಲಿನ ಬೆಣ್ಣೇಲಿ ನೂರಕ್ಕೆ ಎಂಬತ್ತು ಪಾಲು ಜಿಡ್ಡು, ಉಳಿದದ್ದು ಹೆಚ್ಚುಕಮ್ಮಿ ನೀರು, ಕೊಬ್ಬರಿ ಎಣ್ಣೆ ಪೂರ್ತಿ ಜಿಡ್ಡು. ಅಲ್ಲಿ ಬೆಣ್ಣೆ ಕಡ್ಡಿ ಥರ ಬರುತ್ತಲ್ಲ, ಒಂದು ಕಡ್ಡಿ 113 ಗ್ರಾಂ, ಅರ್ಧ ಕಪ್ಪು, ಅಂದ್ರೆ ಎಂಟು ಟೇಬಲ್‌ಸ್ಪೂನು, ಅದರ ಜಾಗಕ್ಕೆ ಆರೂವರೆ ಟೇಬಲ್‌ಸ್ಪೂನು ಕರಗಿದ ಎಣ್ಣೆ, ಒಂದೂವರೆ ಟೇಬಲ್‌ಸ್ಪೂನು ನೀರು. ಬೆಣ್ಣೆ ಸಕ್ಕರೆ ಎರಡನ್ನೂ ನೊರೆ ಬರೋ ತನಕ ಗೊಟಾಯಿಸಿ ಮಾಡೋ ಕೇಕಿಗೆ ಇದು ಬೇಡ, ಕರಗಿದ ಎಣ್ಣೆ ಗಾಳಿ ಹಿಡ್ಕೊಳ್ಳಲ್ಲ. ಪಫ್ ಕೂಡ ಬೇಡ.

ನೀನು ಶನಿವಾರಕ್ಕೆ ಬಾಳೆಹಣ್ಣು ರಾಗಿ ಕೇಕು ಮಾಡು. ಚೆನ್ನಾಗಿ ಕಪ್ಪಾದ ಬಾಳೆಹಣ್ಣು ಮೂರು ಕಿವುಚು, ಮುಕ್ಕಾಲು ಕಪ್ಪು ಬೆಲ್ಲದ ಪುಡಿ, ಒಂದು ಮೊಟ್ಟೆ, ಕಪ್ಪಿನ ಮೂರನೇ ಒಂದು ಪಾಲು ಎಣ್ಣೆ, ಇದನ್ನೆಲ್ಲ ಕಲಸಿ ಒಂದು ಕಪ್ಪು ಮೈದಾ, ಅರ್ಧ ಕಪ್ಪು ರಾಗಿಹಿಟ್ಟು, ಒಂದು ಟೀಸ್ಪೂನ್ ಬೇಕಿಂಗ್ ಸೋಡಾ, ಚಿಟಿಕೆ ಉಪ್ಪು, ಏಲಕ್ಕಿ. ಮೈದಾ ಅಲ್ಲಿ ಆಲ್ ಪರ್ಪಸ್ ಫ್ಲೋರ್ ಅನ್ನೋ ಹೆಸ್ರಲ್ಲಿ ಸಿಗುತ್ತೆ. ಮೊಟ್ಟೆ ಬೇಡ ಅಂದ್ರೆ ಒಂದು ಟೇಬಲ್‌ಸ್ಪೂನು ಅಗಸೆಬೀಜದ ಪುಡೀನ ಮೂರು ಟೇಬಲ್‌ಸ್ಪೂನು ನೀರಲ್ಲಿ ನೆನೆಸಿ ಹಾಕು, ಮೊಸರು ಹಾಕ್ಬೇಡ, ಅದೂ ಹಾಲೇ. 350 ಫ್ಯಾರನ್‌ಹೀಟ್, ಐವತ್ತೈದು ನಿಮಿಷ, ಕಡ್ಡಿ ಚುಚ್ಚಿ ನೋಡು. ಓವನ್ ಹಚ್ಚೋ ಮುಂಚೆ ಒಳಗೆ ಬಾಂಡ್ಲಿ ತಟ್ಟೆ ಜೋಡ್ಸಿಟ್ಟಿದ್ಯಾ ನೋಡು, ನಮ್ಮವ್ರ ಮನೇಲೆಲ್ಲ ಓವನ್ನು ಪಾತ್ರೆ ಇಡೋ ಜಾಗ ಆಗಿರುತ್ತೆ. ಆದ ಕೇಕನ್ನ ಫ್ರಿಜ್ಜಿಗಿಡ್ಬೇಡ, ಒಳಗಿನ ಎಣ್ಣೆ ಗಟ್ಟಿಯಾಗಿ ಇಟ್ಟಿಗೆ ಆಗುತ್ತೆ, ಇಟ್ಟಿದ್ರೂ ತಿನ್ನೋ ಮುಂಚೆ ಮೈಕ್ರೋವೇವಲ್ಲಿ ಹದಿನೈದು ಸೆಕೆಂಡು.

ಆ ಮಗುವಿನ ವಿಷ್ಯ ಸಲೀಸಾಗಿ ತಗೋಬೇಡ. ಬೆಣ್ಣೆ ಕರಗಿಸಿದ್ರೆ ತುಪ್ಪ, ತುಪ್ಪದಲ್ಲಿ ಹಾಲಿರಲ್ಲ ಅಂತ ನಮ್ಮವ್ರು ಅನ್ಕೋತಾರೆ, ಇರುತ್ತೆ, ಹಾಲಿನ ಪ್ರೋಟೀನು ಚೂರು ಉಳಿದಿರುತ್ತೆ, ಟಿನ್ನಿಗೆ ತುಪ್ಪ ಸವರಬೇಡ, ತುಪ್ಪ ಮುಟ್ಟಿದ ಸ್ಪೂನೂ ಬೇಡ. ಮಗುವಿನ ತಾಯಿಗೆ ಕೇಕು ಕೊಡೋಕೆ ಮುಂಚೆ ಏನೇನು ಹಾಕಿದ್ದೀನಿ ಅಂತ ಒಂದು ಚೀಟಿ ಬರ್ದು ಪಕ್ಕದಲ್ಲಿಡು, ಅದ್ರಲ್ಲಿ ಕೊಬ್ಬರಿ ಅನ್ನೋದು ಎದ್ದು ಕಾಣ್ಲಿ. ಅಮೆರಿಕದಲ್ಲಿ ಆಹಾರ ಔಷಧಿ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಬಹಳ ವರ್ಷ ಕೊಬ್ಬರೀನ ಬಾದಾಮಿ ಗೋಡಂಬಿ ಜೊತೆ ಅಲರ್ಜಿ ಪಟ್ಟೀಲಿ ಇಟ್ಟಿತ್ತು, 2025ರ ಜನವರೀಲಿ ತೆಗೀತು, ಆದ್ರೂ ಕೆಲವರಿಗೆ ಅದೇ ಆಗಲ್ಲ. ಇನ್ನೊಂದು ಮಾತು, ಕೊಬ್ಬರಿ ಎಣ್ಣೆ ಬೆಣ್ಣೆಗಿಂತ ಆರೋಗ್ಯ ಅಂತ ಯಾರಾದ್ರೂ ಹೇಳಿದ್ರೆ ತಲೆ ಆಡಿಸ್ಬೇಡ. ಒಂದು ಟೇಬಲ್‌ಸ್ಪೂನಲ್ಲಿ ಸುಮಾರು 12 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಬೆಣ್ಣೇಲಿ 7, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲೇ ಇದು ಬೇಡ ಅಂದಿದೆ. ತೆಂಗಿನ ತೋಟದ ಮನೆ ಮಗಳಾಗಿ ಇದನ್ನ ಹೇಳೋಕೆ ನಂಗೆ ಇಷ್ಟ ಇಲ್ಲ ಆದ್ರೂ ಹೇಳ್ಬೇಕು. ಯಾವಾಗ್ಲೋ ಒಂದು ಕೇಕಿಗೆ ಆಯ್ತು, ದಿನಾ ಬೇಡ.

ಹಂಗೇ ಮುಂದಿನ ಸಲ ಬರೋರ ಹತ್ರ ಎಣ್ಣೆ ತರಿಸ್ಕೋ, ಗಿಟಕು ತರಿಸ್ಬೇಡ. ಒಣಕೊಬ್ಬರೀಲಿ ಎಣ್ಣೆ ಜಾಸ್ತಿ, ತಾನೇ ಬಿಸಿಯಾಗಿ ಹೊತ್ಕೊಳ್ಳೋ ಅಪಾಯ ಇದೆ ಅಂತ ವಿಮಾನದಲ್ಲಿ ಬಿಡಲ್ಲ. ನಮ್ಮಮ್ಮ ಒಂದೊಂದೇ ಆರಿಸಿ ಕಟ್ಟಿಕೊಟ್ಟ ಹದಿನಾರು ಗಿಟಕನ್ನ ಸೂಟ್‌ಕೇಸು ಬಿಚ್ಚಿಸಿ ತೆಗ್ಸಿದ್ರು.

ಇನ್ನು ಒಬ್ಳೇ ಇರೋದು. ಮೊದಲ್ನೇ ಚಳಿಗಾಲ ಕಷ್ಟಾನೇ, ಐದೂವರೆಗೆಲ್ಲ ಕತ್ತಲೆ, ರಸ್ತೇಲಿ ಮನುಷ್ಯರು ಕಾಣಲ್ಲ, ಕಾರಿಲ್ಲದೆ ಹಾಲು ತರೋಕೂ ಆಗಲ್ಲ. ನೀನು ಬೇಗ ಡ್ರೈವಿಂಗ್ ಕಲಿ, ಹತ್ತಿರದ ಪಬ್ಲಿಕ್ ಲೈಬ್ರರೀಲಿ ಕಾರ್ಡು ಮಾಡಿಸ್ಕೋ. ನಂಗೆ ಓವನ್ನೂ ದಾರಿ ಮಾಡ್ತು. ನಾಲ್ಕನೇ ಸಲ ಕೇಕು ಸರಿಯಾಗಿ ಬಂದಾಗ ಅರ್ಧ ಕುಯ್ದು ಎದುರುಮನೆ ಅಜ್ಜಿಗೆ ಕೊಟ್ಟೆ, ಮಾರನೇ ವಾರ ಆ ತಟ್ಟೆ ಖಾಲಿ ವಾಪಸ್ ಬರ್ಲಿಲ್ಲ, ಅದ್ರ ತುಂಬ ಅವ್ರ ಹಿತ್ತಲ ಸೇಬು, ಖಾಲಿ ತಟ್ಟೆ ಕೊಡಬಾರ್ದು ಅನ್ನೋದು ಅಲ್ಲೂ ಗೊತ್ತಿದೆ. ಆ ಅಜ್ಜಿನೇ ನಂಗೆ ಕಾರು ಓಡ್ಸೋಕೆ ಪಕ್ಕ ಕೂತು ಕಲಿಸ್ಕೊಟ್ಟಿದ್ದು. ಒಂದು ಎಚ್ಚರ, ತಿಂದೋರು ದುಡ್ಡು ಕೊಡ್ತೀವಿ ಮಾಡ್ಕೊಡು ಅಂತಾರೆ, ನಿಂದು ಎಚ್-4, ಅಂದ್ರೆ ಕೆಲ್ಸಕ್ಕೆ ಬಂದ ಗಂಡನ ಜೊತೆ ಬರೋರ ವೀಸಾ ಅಂದ್ಯಲ್ಲ, ವರ್ಕ್ ಪರ್ಮಿಟ್ ಕೈಗೆ ಬರೋ ತನಕ ಹತ್ತು ಡಾಲರನ್ನೂ ತಗೋಬೇಡ, ಮನೇಲಿ ಮಾಡಿ ಮಾರೋದೂ ಕೆಲ್ಸ ಅಂತಾನೇ ಲೆಕ್ಕ.

ನಾನು ಮೇ ಎರಡನೇ ವಾರ ವಾಪಸ್ ಬರ್ತೀನಿ, ನೀನಿರೋದು ನಮ್ಮನೆಯಿಂದ ಕಾರಲ್ಲಿ ಮುಕ್ಕಾಲು ಗಂಟೆ. ಅಮ್ಮ ನಿಂಗೂ ಸೇರಿಸಿ ಎರಡು ಲೀಟರ್ ಗಾಣದ ಎಣ್ಣೆ ಸೋಸಿ ಇಟ್ಟಿದ್ದಾಳೆ, ಮೂಟೆಗೆ ಕಟ್ಟೋ ಮುಂಚೆ ಬಾಟ್ಲು ಬಾಯಿಗೆ ಟೇಪು ಸುತ್ತಬೇಕು.